ಕೆರೆಯ ಆಡಳಿತ ಮತ್ತು ‘ಫಲಾನುಭವಿ’ ಎಂಬ ಪರಿಭಾಷೆ

ಸುಸ್ಥಿರ ಅಭಿವೃದ್ಧಿಯನ್ನು ಕುರಿತ ಕನ್ನಡ ಬರಹಗಳಲ್ಲಿ ‘ಜನರ ಸಹಭಾಗಿತ್ವ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಸಹಭಾಗಿತ್ವ ಯಾವುದರಲ್ಲಿ, ಕೂಲಿಯಲ್ಲೋ ವಂತಿಗೆಯಲ್ಲೋ ತೀರ್ಮಾನದಲ್ಲೋ ಎಂಬ ಪ್ರಶ್ನೆ ಮಾತ್ರ ಅಪರೂಪ. ಕರ್ನಾಟಕದ ಸುಮಾರು 36 ಸಾವಿರ ಕೆರೆಗಳ ಆಡಳಿತವು ಈ ಪ್ರಶ್ನೆಯ ಪರಿಶೀಲನೆಗೆ ತಕ್ಕ ನೆಲೆಯಾಗಿದೆ.

ಶಾಸನಾಭ್ಯಾಸಿಗಳಿಗೆ ‘ಬಿತ್ತುವಟ್ಟ’, ‘ಕೆರೆಗೊಡಗಿ’ ಎಂಬ ಪದಗಳು ಹೊಸವಲ್ಲ. ಕೆರೆ ಕಟ್ಟಿಸಿದ ಪುಣ್ಯದ ಜೊತೆಗೆ ಅದನ್ನು ಉಳಿಸಿಕೊಳ್ಳುವ ಖರ್ಚನ್ನೂ ಆ ಸಮಾಜ ಲೆಕ್ಕಕ್ಕೆ ಹಿಡಿದಿತ್ತೆಂಬುದಕ್ಕೆ ಇವು ಸಾಕ್ಷಿ. ಆದರೆ ಇದನ್ನೇ ಗ್ರಾಮ ಪ್ರಜಾಪ್ರಭುತ್ವವೆಂದು ಕೊಂಡಾಡುವುದು ಅವಸರದ ತೀರ್ಮಾನ. ಅನೇಕ ಊರುಗಳಲ್ಲಿ ತೂಬು ತೆಗೆದು ನೀರು ಹಾಯಿಸುವ ನೀರುಗಂಟಿ ದಲಿತನಾಗಿದ್ದ. ಹಾಯಿಸುವ ಕೈ ಅವನದು, ಹಂಚಿಕೆಯ ಮಾತು ಭೂಮಾಲೀಕರದು. ಮಹಾಡದ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಲು ಅಲ್ಲಿಯ ಪುರಸಭೆ ನಿರ್ಣಯಿಸಿದ ಮೇಲೂ, 1927ರಲ್ಲಿ ಡಾ. ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಹೋಗಿ ಆ ನೀರನ್ನು ಮುಟ್ಟಬೇಕಾಯಿತು. ಕಾಗದದ ಮೇಲಿನ ಹಕ್ಕಿಗೂ ದಡದ ಮೇಲಿನ ಹಕ್ಕಿಗೂ ಇರುವ ಈ ಅಂತರವನ್ನು ಪರಂಪರೆಯ ವೈಭವೀಕರಣ ಮರೆಮಾಚುತ್ತದೆ.

1983ರ ಕಾಯಿದೆಯನ್ವಯ 1987ರಲ್ಲಿ ನಡೆದ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯಿತಿ ಚುನಾವಣೆಗಳು ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟವು. ‘ಸುಸ್ಥಿರ ಅಭಿವೃದ್ಧಿ’ಗೆ ಜಾಗತಿಕ ಮನ್ನಣೆ ತಂದ ಬ್ರುಂಟ್‌ಲಂಡ್ ಆಯೋಗದ ವರದಿ ಹೊರಬಂದದ್ದೂ ಅದೇ ವರ್ಷ. ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ‘ನೀರ್ ಸಾಬ್’ ಎಂದು ಕರೆದದ್ದು ಕೊಳವೆಬಾವಿಗಳಿಗಾಗಿ. ಆದರೆ ಅಧಿಕಾರ ವಿಕೇಂದ್ರೀಕರಣವೇ ಅವರ ಹೆಚ್ಚಿನ ಕೊಡುಗೆ. ಅನಂತರ 73ನೆಯ ತಿದ್ದುಪಡಿಯೊಡನೆ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ ಸಣ್ಣ ನೀರಾವರಿ, ನೀರಿನ ನಿರ್ವಹಣೆಗಳು ಪಂಚಾಯಿತಿಗೆ ವಹಿಸಬಹುದಾದ ವಿಷಯಗಳಾಗಿ ಸೇರಿದವು.

ವಹಿಸಬಹುದು ಎಂಬುದು ವಹಿಸಲಾಯಿತು ಎಂದಾಗಲಿಲ್ಲ. ದೊಡ್ಡ ಕೆರೆಗಳು ಸಣ್ಣ ನೀರಾವರಿ ಇಲಾಖೆಯಲ್ಲೇ ಉಳಿದವು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘವು ಕೈಗೊಂಡ ಕಾರ್ಯಕ್ರಮವು ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಹೂಳೆತ್ತುವ ಕೆಲಸಕ್ಕೆ ಅದರಿಂದ ಚಾಲನೆ ದೊರೆತದ್ದು ನಿಜ. ಆದರೂ ಚುನಾಯಿತ ಪಂಚಾಯಿತಿಯ ಪಕ್ಕದಲ್ಲಿ, ಯೋಜನೆಯ ಹಣಕ್ಕೆ ಹೊಂದಿಕೊಂಡು ಹುಟ್ಟಿದ ಸಂಘ ಆ ಹಣ ತೀರಿದ ಮೇಲೆ ಯಾರಿಗೆ ಉತ್ತರ ಹೇಳಬೇಕು? ‘ಬಳಕೆದಾರ’ ಎಂಬ ಪದ ಮೊದಲಿಗೆ ಅಚ್ಚುಕಟ್ಟಿನ ರೈತನನ್ನೇ ಸೂಚಿಸುತ್ತದೆ. ಮೀನು ಹಿಡಿಯುವವರು, ಮಣ್ಣು ತರುವ ಕುಂಬಾರರು, ಕುರಿಗೆ ನೀರು ಕುಡಿಸುವವರು ಅದರ ಅಂಚಿಗೆ ಸರಿಯುತ್ತಾರೆ.

‘ಫಲಾನುಭವಿ’ ಇನ್ನೂ ಅಪಾಯದ ಪದ. ಕೊಡುವವರೊಬ್ಬರಿದ್ದಾರೆ, ಪಡೆಯುವವರು ಸುಮ್ಮನಿರಬೇಕು ಎಂಬ ಭಾವ ಅದರೊಳಗಿದೆ. ಮತದಾರ ಗ್ರಾಮಸಭೆಯಲ್ಲಿ ಲೆಕ್ಕ ಕೇಳಬಲ್ಲ. ಫಲಾನುಭವಿ ಪಟ್ಟಿಯಲ್ಲಿ ತನ್ನ ಹೆಸರನ್ನಷ್ಟೇ ಹುಡುಕುತ್ತಾನೆ. ಆಡಳಿತ ಕನ್ನಡವೆಂದರೆ ಪದಕೋಶ ರಚನೆಯೆಂದೇ ಭಾವಿಸಿದ ವಿದ್ವತ್ತು ಈ ಪದರಾಜಕಾರಣವನ್ನು ಗಮನಿಸಿದ್ದು ಕಡಿಮೆ. ಕಾಮಗಾರಿಯ ಅಂದಾಜುಪಟ್ಟಿ ಗ್ರಾಮಸಭೆಗೆ ಬಂದರೂ ಅದರ ಭಾಷೆ ಎಂಜಿನಿಯರನದೇ. ಏರಿ, ತೂಬು, ಕೋಡಿ, ರಾಜಕಾಲುವೆ ಎಂಬ ಊರಿನ ಮಾತುಗಳಲ್ಲಿ ಆ ಪಟ್ಟಿಯನ್ನು ಬರೆಯಿಸುವ ಕೆಲಸ ಕನ್ನಡ ವಿಭಾಗಗಳಿಗೂ ಸೇರಿದ್ದು.