ಆನೆಯ ಕಿವಿಗೂ ಒಂದು ಲೆಕ್ಕ ಬೇಕು



ನೀವು ತಾಳವಾಡಿ, ವಯನಾಡು, ನೀಲಗಿರಿ ಕಡೆಯವರಾದರೆ ಕಾಡಿನ ನಡುವಿನ ರಸ್ತೆ ನಿಮಗೆ ಹೊಸದಲ್ಲ. ಬಂಡೀಪುರದಲ್ಲಿ 2009ರಿಂದ, ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧ ಇದೆ. ಇದು ಬೇಕೋ ಬೇಡವೋ ಎಂದು ಊರಲ್ಲಿ ವಾದ ನಡೆದಾಗ ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಗಳ ಮಾತು ಬರುತ್ತೆ, ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಮುಟ್ಟಬೇಕಾದ ತರಕಾರಿಯ ಮಾತೂ ಬರುತ್ತೆ. ಎರಡೂ ನಿಜವೇ. ಆದರೆ ಸದ್ದಿನ ಮಾತು ಬರೋದು ಕಮ್ಮಿ. ಅದೂ ಬರಬೇಕು ಅನ್ನೋದು ನನ್ನ ಅಭಿಪ್ರಾಯ.

ಯಾಕೆ ಗೊತ್ತಾ? ಒಂದೇ ಸದ್ದು ಎಲ್ಲ ಕಿವಿಗೂ ಒಂದೇ ಅಲ್ಲ. ನಮಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಶಬ್ದ. ನಾಯಿಗೆ 40,000 ಹರ್ಟ್ಸ್ ದಾಟಿದ್ದೂ ಕೇಳುತ್ತದೆ. ಆನೆಯದು ಇದಕ್ಕೆ ತದ್ವಿರುದ್ಧ: ತೀರಾ ಕೀಚಲು ಸದ್ದು ಅದಕ್ಕೆ ಕೇಳದು, ತಗ್ಗಿನ ಸದ್ದು ಚೆನ್ನಾಗಿ ಕೇಳುತ್ತದೆ. 1984ರಲ್ಲಿ ಅಮೆರಿಕದ ಮೃಗಾಲಯವೊಂದರಲ್ಲಿ ಏಷ್ಯಾದ ಆನೆಗಳ ಬಳಿ ಇದ್ದ ಕೇಟಿ ಪೇನ್ ಎಂಬ ಸಂಶೋಧಕಿಗೆ ಗಾಳಿಯೇ ಅದುರಿದಂತೆ ಅನ್ನಿಸಿತು. ಧ್ವನಿಮುದ್ರಿಸಿ ಪರೀಕ್ಷಿಸಿದರೆ 14ರಿಂದ 24 ಹರ್ಟ್ಸ್‌ನ ಕೂಗು! ಇಂಥ ತಗ್ಗಿನ ಸದ್ದು ಕಾಡಿನಲ್ಲಿ ಬಹುದೂರ ಸಾಗುತ್ತದೆ. ಆನೆಗಳು ಹೀಗೆ ಪರಸ್ಪರ ಸುದ್ದಿ ಮುಟ್ಟಿಸುತ್ತವೆ. ಲಾರಿ ಎಂಜಿನ್ನಿನ ಗುರುಗುರು ಸದ್ದಿನಲ್ಲೂ ತಗ್ಗಿನ ಪಾಲೇ ಹೆಚ್ಚು.

ಈಗ ನಮ್ಮ ಅಳತೆಗೋಲು ನೋಡಿ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ನಿಶ್ಶಬ್ದ ವಲಯಕ್ಕೆ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ. ಈ ಡೆಸಿಬೆಲ್ ಮನುಷ್ಯನ ಕಿವಿಗೆ ಹೊಂದಿಸಿದ್ದು. ಅದನ್ನು ‘ಎ’ ಮಾಪನ ಅಂತಾರೆ. ನಮಗೆ ಸರಿಯಾಗಿ ಕೇಳದ ತಗ್ಗಿನ ಸದ್ದನ್ನು ಅದು ಕಳೆದುಬಿಡುತ್ತದೆ. 20 ಹರ್ಟ್ಸ್‌ನಲ್ಲಿ ಕಳೆಯುವುದು ಸುಮಾರು 50 ಡೆಸಿಬೆಲ್! ಅಂದರೆ 70 ಡೆಸಿಬೆಲ್ಲಿನ ಸದ್ದು ಮಾಪಕದಲ್ಲಿ ಬರೀ 20. ಶಾಲೆ, ಆಸ್ಪತ್ರೆಗೆ ಈ ಲೆಕ್ಕ ಸರಿ. ಆನೆಕಾಡಿಗೂ ಅದೇ ಆದರೆ, ತಕ್ಕಡಿ ನಮ್ಮದು, ನಷ್ಟ ಅವುಗಳದ್ದು.

“ಪ್ರಾಣಿಗಳಿಗೆ ರೂಢಿ ಆಗುತ್ತೆ ಬಿಡಿ ಸಾರ್” ಅನ್ನುವವರಿದ್ದಾರೆ. ಜಾತ್ರೆಯ ಮೈಕಿಗೆ ನೀವೂ ರೂಢಿಯಾಗ್ತೀರಿ. ಆದರೆ ಆ ಗದ್ದಲದಲ್ಲಿ ಅಮ್ಮ ಕರೆದದ್ದು ಕೇಳುತ್ತಾ? ಬೆದರದೆ ನಿಲ್ಲುವುದು ಬೇರೆ, ಕೇಳಬೇಕಾದ್ದು ಕೇಳುವುದು ಬೇರೆ. ಕಣಜ ಗೂಬೆ ಕಗ್ಗತ್ತಲಲ್ಲೂ ಇಲಿಯ ಸರಸರ ಸದ್ದು ಹಿಡಿದೇ ಬೇಟೆಯಾಡುತ್ತದೆ. ಆ ಸದ್ದು ಮುಚ್ಚಿಹೋದರೆ ಗೂಬೆಗೆ ಉಪವಾಸ, ಹೊಲದಲ್ಲಿ ಇಲಿಗೆ ಹಬ್ಬ.

ಹಾಗಂತ ರಸ್ತೆಯೇ ಬೇಡ ಎನ್ನಲಾದೀತೇ? ಕಾಡಂಚಿನವರಿಗೂ ಬದುಕಿದೆ. ನಾನು ಕೇಳುವುದಿಷ್ಟೆ: ಕಾಡಿನ ರಸ್ತೆಯ ತೀರ್ಮಾನ ಮಾಡುವಾಗ ಅಲ್ಲಿನ ಪ್ರಾಣಿಗಳ ಕಿವಿಗೆ ತಕ್ಕಂತೆ ಸದ್ದು ಅಳೆಯಿರಿ. ಅಲ್ಲಿ ಹಗಲಲ್ಲೂ ವೇಗ ತಗ್ಗಲಿ, ಸುಮ್ಮಸುಮ್ಮನೆ ಹಾರ್ನ್ ಬೇಡ. ಎಸೆದ ಪ್ಲಾಸ್ಟಿಕ್ ವರ್ಷಗಟ್ಟಲೆ ಉಳಿಯುತ್ತದೆ. ಸದ್ದು ಹಾಗಲ್ಲ, ನಿಲ್ಲಿಸಿದ ಗಳಿಗೆಯಲ್ಲೇ ಹೋಗುತ್ತದೆ. ಇಷ್ಟು ಬೇಗ ತೊಳೆಯಬಹುದಾದ ಮಾಲಿನ್ಯ ಬೇರೆ ಯಾವುದಿದೆ, ಹೇಳಿ?

ಮುಂದೆ ಯಾರಾದರೂ ಮಾಪಕ ಹಿಡಿದು “ಇಲ್ಲಿ ಸದ್ದು ಕಡಿಮೆ” ಅಂದರೆ ಸುಮ್ಮನಿರಬೇಡಿ. “ಯಾರ ಕಿವಿಯ ಲೆಕ್ಕದಲ್ಲಿ?” ಅಂತ ಕೇಳಿ.