ಆರೂವರೆ ಆಟದ ಮುನ್ನಡೆ

ಪಂದ್ಯವನ್ನು ನೋಡುವುದು ಬೇರೆ, ತಂಡವನ್ನು ಅನುಸರಿಸುವುದು ಬೇರೆ. ಮೊದಲನೆಯದಕ್ಕೆ ಒಂದು ಅಪರಾಹ್ನ ಸಾಕು. ಎರಡನೆಯದು ವಸಂತದಿಂದ ಶರತ್ತಿನವರೆಗೆ ದಿನದಿನವೂ ಸಲ್ಲಿಸಬೇಕಾದ ಒಂದು ಬಗೆಯ ವ್ರತ. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟವನ್ನು ಕುರಿತು ಓದತೊಡಗಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಟದ ನಿಯಮಗಳಲ್ಲ, ಈ ವ್ರತದ ದೀರ್ಘತೆ. ಒಂದು ತಂಡ ಆರು ತಿಂಗಳಲ್ಲಿ 162 ಆಟಗಳನ್ನು ಆಡುತ್ತದೆ. ಇಂದು ಸೋತರೆ ನಾಳೆ ಮತ್ತೆ ಆಟ. ನಾಳೆ ಗೆದ್ದರೂ ನಾಡಿದ್ದು ಮತ್ತೆ ಆಟ. ಅತ್ಯುತ್ತಮ ತಂಡವೂ ಅರುವತ್ತು ಆಟಗಳನ್ನು ಸೋಲುವುದು ಸಾಮಾನ್ಯ. ಆದುದರಿಂದ ಇಲ್ಲಿ ಬಿಡಿಬಿಡಿಯಾದ ಸೋಲಿಗೆ ತೂಕವಿಲ್ಲ. ತೂಕವೆಲ್ಲ ಸೆಪ್ಟೆಂಬರಿನಲ್ಲಿ ಒಟ್ಟಿಗೆ ಬಂದು ಬೀಳುತ್ತದೆ.

ಕ್ರಿಕೆಟ್ಟನ್ನು ಬಲ್ಲ ನಮ್ಮ ವಾಚಕರಿಗೆ ಎರಡು ಮಾತು ಹೇಳಬೇಕು. 1964ರಲ್ಲಿ ಅಲ್ಲಿ ಎರಡು ಲೀಗುಗಳಿದ್ದವು; ಒಂದೊಂದರಲ್ಲಿ ಹತ್ತು ತಂಡ. ಋತುವಿನ ಕೊನೆಗೆ ಮೊದಲ ಸ್ಥಾನದಲ್ಲಿದ್ದ ತಂಡಕ್ಕೆ ಲೀಗಿನ ಪತಾಕೆ. ಅದನ್ನೇ ಪೆನಂಟ್ ಎನ್ನುವುದು. ಪತಾಕೆ ಗೆದ್ದ ಎರಡು ತಂಡಗಳು ವರ್ಲ್ಡ್ ಸೀರೀಸ್ ಆಡುತ್ತಿದ್ದವು. ಉಪಾಂತ್ಯವೆಂಬುದು ಇರಲಿಲ್ಲ. ಎರಡನೆಯವನಿಗೂ ಹತ್ತನೆಯವನಿಗೂ ಒಂದೇ ಪ್ರಸಾದ. (2022ರಿಂದೀಚೆಗೆ ಹನ್ನೆರಡು ತಂಡಗಳಿಗೆ ಋತುವಿನಾಚೆಗೂ ಅವಕಾಶ ಸಿಗುತ್ತಿದೆ, ಉದಾರವಾದ ಏರ್ಪಾಡು, ಆದರೆ ಹಳೆಯ ಕ್ರೌರ್ಯದ ಜೊತೆಗೆ ಹಳೆಯ ಗಾಂಭೀರ್ಯವೂ ಸ್ವಲ್ಪ ಹೋಯಿತೆಂದು ನನಗೆ ತೋರುತ್ತದೆ.) ಮೊದಲ ತಂಡಕ್ಕಿಂತ ಉಳಿದವರು ಎಷ್ಟು ಹಿಂದೆ ಇದ್ದಾರೆಂಬುದನ್ನು ‘ಆಟ’ಗಳಲ್ಲೇ ಎಣಿಸುತ್ತಾರೆ. ಮುಂದಿನವನು ಸೋತು ಹಿಂದಿನವನು ಗೆದ್ದರೆ ಅಂತರ ಒಂದು ಆಟ ತಗ್ಗುತ್ತದೆ. ಒಬ್ಬನು ಮಾತ್ರ ಆಡಿದ ದಿನ ಅರ್ಧ ಆಟ. ಬೆಳಗಿನ ಪತ್ರಿಕೆಯ ಆ ಪುಟ್ಟ ಪಟ್ಟಿ ಅಲ್ಲಿನ ಅಭಿಮಾನಿಗೆ ಪಂಚಾಂಗವಿದ್ದಂತೆ.

1964ರ ಸೆಪ್ಟೆಂಬರ್ 20ರ ರಾತ್ರಿ ಆ ಪಂಚಾಂಗ ಫಿಲಡೆಲ್ಫಿಯ ನಗರಕ್ಕೆ ಹೇಳುತ್ತಿದ್ದುದು ಇದು: ಅವರ ಫಿಲೀಸ್ ತಂಡ 90 ಆಟ ಗೆದ್ದು 60 ಸೋತಿದೆ, ಬೆನ್ನ ಹಿಂದಿನ ಸಿನ್ಸಿನಾಟಿ ಮತ್ತು ಸೇಂಟ್ ಲೂಯಿಸ್ ತಂಡಗಳು ಆರೂವರೆ ಆಟ ಹಿಂದಿವೆ, ಉಳಿದಿರುವುದು ಹನ್ನೆರಡು ಆಟ. ವರ್ಲ್ಡ್ ಸೀರೀಸಿನ ಟಿಕೀಟುಗಳನ್ನು ಅಚ್ಚು ಹಾಕಿಸಿಯಾಗಿತ್ತು. ಅದನ್ನು ಅಹಂಕಾರವೆನ್ನಲಾಗದು. ಆ ನಗರ 1915ರಲ್ಲೊಮ್ಮೆ, 1950ರಲ್ಲೊಮ್ಮೆ, ಹೀಗೆ ಎರಡು ಬಾರಿ ಮಾತ್ರ ಈ ಲೀಗಿನ ಪತಾಕೆಯನ್ನು ಕಂಡಿತ್ತು. ಮೂರು ವರ್ಷದ ಹಿಂದೆ, 1961ರಲ್ಲಿ, ಇದೇ ತಂಡ ಇದೇ ಮ್ಯಾನೇಜರ್ ಜೀನ್ ಮಾಕ್‌ನ ಕೈಕೆಳಗೆ ಒಂದೇ ಸಮನೆ 23 ಆಟ ಸೋತಿತ್ತು. ಅಂಥ ತಂಡದಲ್ಲಿ ಈಗ ಜಿಮ್ ಬನಿಂಗ್ ಇದ್ದ. ಜೂನ್ 21ರಂದು ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಎದುರಾಳಿಗಳಲ್ಲಿ ಒಬ್ಬನನ್ನೂ ಮೊದಲ ಬೇಸಿಗೆ ತಲುಪಗೊಡದೆ 27 ಮಂದಿಯನ್ನೂ ಸಾಲಾಗಿ ಔಟ್ ಮಾಡಿದ್ದ ಪಿಚರ್. ಜಾನಿ ಕ್ಯಾಲಿಸನ್ ಇದ್ದ. ಡಿಕ್ ಆಲನ್ ಎಂಬ ಇಪ್ಪತ್ತೆರಡರ ತರುಣನಿದ್ದ. ಅದು ಅವನ ಮೊದಲ ಪೂರ್ಣ ಋತು. ಅವನ ವಿಷಯ ಮುಂದೆ ಬರುತ್ತದೆ.

ಮುಂದಿನ ಹತ್ತು ಆಟಗಳನ್ನು ಫಿಲೀಸ್ ಸಾಲಾಗಿ ಸೋತಿತು.

ಈ ಕಥೆಯನ್ನು ಸಾರಾಂಶದಲ್ಲಿ ಬಲ್ಲವರು ಬಹಳ ಮಂದಿ. ನಾನು ಮೊದಲು ಓದಿದ್ದೂ ಹಾಗೆಯೇ. ಆಗ ಅದು ಒಂದು ವಿಚಿತ್ರ ಅಂಕಿ ಮಾತ್ರವಾಗಿತ್ತು. ಆಮೇಲೆ ಆ ದಿನಗಳ ಆಟದ ವಿವರಗಳನ್ನು ಒಂದೇ ಉಸಿರಿಗೆ ಓದದೆ ದಿನಕ್ಕೊಂದರಂತೆ ಓದಿ ನೋಡಿದೆ. ಆಗಲೇ ತಿಳಿದದ್ದು, ಸಾರಾಂಶದಲ್ಲಿ ಕಾಣುವ ‘ಕುಸಿತ’ ಎಂಬುದು ದಿನಗಳ ಒಳಗೆ ಎಲ್ಲಿಯೂ ಇಲ್ಲವೆಂದು. ಅಲ್ಲಿರುವುದು ಕೂದಲೆಳೆಯಲ್ಲಿ ತಪ್ಪಿದ ಒಂದು ಆಟ, ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು.

21ನೆಯ ತಾರೀಖು, ಸಿನ್ಸಿನಾಟಿಯ ಮೇಲೆ. ಎರಡು ಕಡೆಯೂ ಓಟವಿಲ್ಲ. ಆರನೆಯ ಇನ್ನಿಂಗ್ಸಿನಲ್ಲಿ ಇಬ್ಬರು ಔಟಾಗಿದ್ದಾರೆ. ಮೂರನೆಯ ಬೇಸಿನಲ್ಲಿ ಚಿಕೊ ರೂಯಿಸ್ ಎಂಬವನು ನಿಂತಿದ್ದಾನೆ. ದಾಂಡು ಹಿಡಿದವನು ಫ್ರಾಂಕ್ ರಾಬಿನ್‌ಸನ್, ಆ ತಂಡದ ಅತ್ಯಂತ ಪ್ರಬಲ ಹೊಡೆತಗಾರ. ಅಂಥವನು ಎದುರಿಗಿರುವಾಗ ಬೇಸಿನಲ್ಲಿರುವವನು ಸುಮ್ಮನೆ ಕಾಯುವುದು ವಿವೇಕ. ರೂಯಿಸ್ ಕಾಯಲಿಲ್ಲ. ಪಿಚರ್ ಆರ್ಟ್ ಮಹಾಫಿ ಚೆಂಡೆಸೆಯಲು ಕೈಯೆತ್ತಿದೊಡನೆ ಹೋಮ್ ಪ್ಲೇಟಿನ ಕಡೆ ಓಡಿಬಿಟ್ಟ. ಗಾಬರಿಯಲ್ಲಿ ಮಹಾಫಿಯ ಚೆಂಡು ಕ್ಯಾಚರನ ಕೈಗೆ ಸಿಗದೆ ಹೋಯಿತು. ಆಟ 1–0ಗೆ ಮುಗಿಯಿತು. ಆರೂವರೆ ಆಟ ಮುಂದಿರುವ ತಂಡಕ್ಕೆ ಇದು ಸೊಳ್ಳೆ ಕಚ್ಚಿದಷ್ಟು.

ಸಿನ್ಸಿನಾಟಿ ಮುಂದಿನ ಎರಡನ್ನೂ ಗೆದ್ದಿತು. ಆಮೇಲೆ ಮಿಲ್ವಾಕಿಯವರು ಬಂದು ನಾಲ್ಕು ಗೆದ್ದರು. ಅವುಗಳಲ್ಲಿ 25ರ ಆಟ ಹನ್ನೆರಡು ಇನ್ನಿಂಗ್ಸ್ ನಡೆಯಿತು. ಹತ್ತನೆಯದರಲ್ಲಿ ಎರಡು ಓಟ ಹಿಂದೆ ಬಿದ್ದಾಗ ಆಲನ್ ಹೊಡೆದ ಚೆಂಡು ಮೈದಾನದೊಳಗೇ ಉರುಳುತ್ತಿರುವಷ್ಟರಲ್ಲಿ ಅವನು ನಾಲ್ಕು ಬೇಸುಗಳನ್ನೂ ಸುತ್ತಿ ಬಂದು ಆಟವನ್ನು ಸಮ ಮಾಡಿದ. ಆದರೂ ಸೋತರು. 27ರಂದು ಕ್ಯಾಲಿಸನ್ ಒಬ್ಬನೇ ಮೂರು ಹೋಮ್ ರನ್ ಹೊಡೆದ, 14–8ರಲ್ಲಿ ಸೋತರು. ಅಂದು ರಾತ್ರಿ ಸಿನ್ಸಿನಾಟಿ ಮೊದಲ ಸ್ಥಾನಕ್ಕೇರಿತು. ಅಲ್ಲಿಂದ ಸೇಂಟ್ ಲೂಯಿಸಿಗೆ ಪ್ರಯಾಣ. ಅಲ್ಲಿ ಮೂರು ಆಟ, ಮೂರು ಸೋಲು.

ಈ ಹತ್ತು ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತ ಚಿತ್ರ ಓಟದ್ದೂ ಅಲ್ಲ, ಹೊಡೆತದ್ದೂ ಅಲ್ಲ. 29ರ ರಾತ್ರಿ ಕ್ಯಾಲಿಸನ್‌ಗೆ ಜ್ವರ. ಆಡುವ ಸ್ಥಿತಿಯಲ್ಲಿರಲಿಲ್ಲ. ಆದರೂ ಆಟದ ನಡುವೆ ಬದಲಿ ದಾಂಡಿಗನಾಗಿ ಎದ್ದು ಬಂದು ಚೆಂಡನ್ನು ಹೊಡೆದು ಮೊದಲ ಬೇಸು ತಲುಪಿದ. ಅಲ್ಲಿ ನಿಂತು ನಡುಗತೊಡಗಿದ. ಜಾಕೀಟು ತರಿಸಿಕೊಟ್ಟರು, ಗುಂಡಿ ಹಾಕಿಕೊಳ್ಳಲು ಬೆರಳುಗಳು ಬಾರವು. ಆಗ ಅವನ ಪಕ್ಕದಲ್ಲಿ ನಿಂತಿದ್ದ ಎದುರು ತಂಡದ ಮೊದಲ ಬೇಸಿನ ಆಟಗಾರ ಬಿಲ್ ವೈಟ್, ಪತಾಕೆಗಾಗಿ ಅವನೊಡನೆಯೇ ಸೆಣಸುತ್ತಿದ್ದವನು, ಕೈಚಾಚಿ ಆ ಗುಂಡಿಗಳನ್ನು ಹಾಕಿದ. ಸೇಂಟ್ ಲೂಯಿಸ್ ಆ ಆಟವನ್ನೂ ಗೆದ್ದಿತು.

ಕೊನೆಯ ವಾರಾಂತ್ಯದ ಲೆಕ್ಕ ಇನ್ನೂ ವಿಲಕ್ಷಣ. ಸೇಂಟ್ ಲೂಯಿಸ್ ಈಗ ಎಲ್ಲರಿಗಿಂತ ಮುಂದೆ; ಅದಕ್ಕೆ ಉಳಿದಿರುವುದು ಲೀಗಿನ ಹತ್ತನೆಯ ತಂಡವಾದ ಮೆಟ್ಸ್ ಜೊತೆ ಮೂರು ಆಟ. ಆ ವರ್ಷ 109 ಆಟ ಸೋತ ಮೆಟ್ಸ್ ಮೊದಲೆರಡನ್ನು ಗೆದ್ದುಬಿಟ್ಟಿತು. ಒಂದರಲ್ಲಿ ಮಹಾ ಪಿಚರ್ ಬಾಬ್ ಗಿಬ್ಸನ್‌ನನ್ನೇ 1–0ಯಿಂದ ಸೋಲಿಸಿತು. ಅತ್ತ ಫಿಲೀಸ್ ಕಡೆಗೂ ಸಿನ್ಸಿನಾಟಿಯ ಮೇಲೆ ಒಂದು ಗೆಲುವು ಕಂಡಿತು. ಅಕ್ಟೋಬರ್ 4, ಭಾನುವಾರ: ಫಿಲೀಸ್ ಸಿನ್ಸಿನಾಟಿಯನ್ನೂ ಮೆಟ್ಸ್ ಸೇಂಟ್ ಲೂಯಿಸನ್ನೂ ಸೋಲಿಸಿದರೆ ಮೂರು ತಂಡಗಳು ಸಮನಾಗಿ ನಿಲ್ಲುತ್ತವೆ. ಫಿಲೀಸ್ ತನ್ನ ಪಾಲಿನದನ್ನು ಮಾಡಿತು; ಬನಿಂಗ್ ಚೆಂಡೆಸೆದ, ಆಲನ್ ಎರಡು ಹೋಮ್ ರನ್ ಹೊಡೆದ, 10–0. ಉಳಿದರ್ಧ ಅವರ ಕೈಯಲ್ಲಿರಲಿಲ್ಲ. ಸೇಂಟ್ ಲೂಯಿಸಿನಲ್ಲಿ ಎರಡು ದಿನದ ಹಿಂದೆಯಷ್ಟೇ ಆಡಿ ದಣಿದಿದ್ದ ಗಿಬ್ಸನ್ ನಡುವೆ ಬಂದು ಆಟವನ್ನು ಉಳಿಸಿಕೊಂಡ; 11–5. ಲೆಕ್ಕ ಮುಗಿಯಿತು: ಸೇಂಟ್ ಲೂಯಿಸ್ 93, ಫಿಲೀಸ್ 92, ಸಿನ್ಸಿನಾಟಿ 92.

ಅಭಿಮಾನಿಯ ವಿಷಯಕ್ಕೆ ಬರೋಣ. ಇದು ಬರಿಯ ಆಟದ ಪ್ರಶ್ನೆಯೆಂದು ನನಗೆ ತೋರದ ಕಾರಣದಿಂದಲೇ ಈ ಪುಟದಲ್ಲಿ ಇದನ್ನು ಎತ್ತಿದ್ದೇನೆ. ನಮ್ಮ ಆಲಂಕಾರಿಕರು ಶೋಕ ಕರುಣರಸವಾಗುವ ಬಗೆಯನ್ನು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸುತ್ತಾನೆ. ತನ್ನ ಸ್ವಂತ ಸುಖದುಃಖಗಳಿಗೆ ವಶನಾಗುವುದು ಅವುಗಳಲ್ಲೊಂದು. ತಂಡವನ್ನು ಅನುಸರಿಸುವವನು ಹುಟ್ಟುವುದೇ ಆ ವಿಘ್ನದಲ್ಲಿ. ‘ನಮ್ಮ ತಂಡ’ ಎನ್ನದಿದ್ದರೆ ಅವನು ಸೆಪ್ಟೆಂಬರಿನವರೆಗೆ ಕಾಯುತ್ತಲೇ ಇರಲಿಲ್ಲ. ಅವನಿಗೆ ಆಟದ ಮೇಲೆ ಎಳ್ಳಷ್ಟೂ ಅಧಿಕಾರವಿಲ್ಲ, ದುಃಖದಲ್ಲಿ ಮಾತ್ರ ಪೂರ್ಣ ಪಾಲು. ಹೀಗೆ ಕೈಸಾಗದ ದುಃಖ ಬಹಳ ಕಾಲ ನಿರಾಕಾರವಾಗಿ ಇರಲೊಲ್ಲದು. ಅದು ಒಂದು ಹೆಸರನ್ನು ಹುಡುಕುತ್ತದೆ. ಗದಾಯುದ್ಧವನ್ನು ಪಾಠ ಹೇಳುವಾಗ ‘ಹಾಗಾದರೆ ತಪ್ಪು ಯಾರದು, ಸಾರ್?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪಾಪ, ಅವರು ಕೇಳಿದ ಮೇಲೂ ಪುಸ್ತಕ ಪುಸ್ತಕವಾಗಿಯೇ ಉಳಿಯುತ್ತದೆ. ಮೈದಾನದಲ್ಲಿರುವುದು ಜೀವಂತ ಮನುಷ್ಯರು.

ಫಿಲಡೆಲ್ಫಿಯಕ್ಕೆ ಮೊದಲು ಸಿಕ್ಕ ಹೆಸರು ಜೀನ್ ಮಾಕ್. ಇದಕ್ಕೆ ಆಧಾರವಿತ್ತು. ಬನಿಂಗ್, ಕ್ರಿಸ್ ಶಾರ್ಟ್ ಇಬ್ಬರೂ ಅವನ ಅತ್ಯುತ್ತಮ ಪಿಚರುಗಳು. ಇಬ್ಬರನ್ನೂ ಆ ದಿನಗಳಲ್ಲಿ ಎರಡೆರಡೇ ದಿನದ ವಿಶ್ರಾಂತಿಯ ಮೇಲೆ ಎರಡೆರಡು ಬಾರಿ ಕಣಕ್ಕಿಳಿಸಿದ. ನಾಲ್ಕು ಬಾರಿಯೂ ಸೋತ. ಉಳಿದ ಪಿಚರುಗಳಲ್ಲಿ ಒಬ್ಬನ ಭುಜ ಕೆಟ್ಟಿತ್ತು, ಇನ್ನೊಬ್ಬನ ಮೊಣಕೈ ನೋಯುತ್ತಿತ್ತು ಎಂಬುದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ಅವನ ಲೆಕ್ಕ ತಪ್ಪಿತೆನ್ನುವುದು ಟೀಕೆ. ಅದಕ್ಕೆ ಎಲ್ಲರಿಗೂ ಹಕ್ಕಿದೆ. ಮಾಕ್ 26 ಋತು ಮ್ಯಾನೇಜರನಾಗಿ ದುಡಿದ. ಪತಾಕೆ ಕೊನೆಗೂ ಅವನಿಗೆ ಒಲಿಯಲಿಲ್ಲ.

ಎರಡನೆಯ ಹೆಸರು ಡಿಕ್ ಆಲನ್. ಇಲ್ಲಿ ನಾನು ಒಪ್ಪಲಾರೆ. ಆ ವರ್ಷ ಅವನು 162 ಆಟಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಸರಾಸರಿ .318, ಹೋಮ್ ರನ್ 29, ಓಟ 125. ಓಟಗಳಲ್ಲಿ ಲೀಗಿಗೇ ಮೊದಲಿಗ. ಲೀಗಿನ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಅವನಿಗೇ ಸಂದಿತು. ಪರಿಚಯವಿಲ್ಲದ ಮೂರನೆಯ ಬೇಸಿನಲ್ಲಿ ಅವನನ್ನು ನಿಲ್ಲಿಸಿದ್ದರಿಂದ 41 ತಪ್ಪು ಮಾಡಿದ. ಗ್ಯಾಲರಿಯ ಲೆಕ್ಕಕ್ಕೆ ಅಷ್ಟು ಸಾಲದೆ? ಹಿಂದಿನ ವರ್ಷ ಅರ್ಕನ್ಸಾಸ್ ರಾಜ್ಯದ ಲಿಟ್ಲ್ ರಾಕಿನಲ್ಲಿ, ಅಲ್ಲಿನ ತಂಡದ ಮೊದಲ ಕಪ್ಪು ಆಟಗಾರನಾಗಿ, ಬೆದರಿಕೆಗಳ ನಡುವೆ ಆಡಿ ಬಂದಿದ್ದವನು ಅವನು. ಲೀಗಿನಲ್ಲಿ ಕಪ್ಪು ಆಟಗಾರನಿಗೆ ಎಲ್ಲರಿಗಿಂತ ಕಡೆಗೆ, 1957ರಲ್ಲಿ, ಬಾಗಿಲು ತೆರೆದ ತಂಡ ಫಿಲೀಸ್. 1964ರ ಆಗಸ್ಟ್ ಕೊನೆಯಲ್ಲಿ ಉತ್ತರ ಫಿಲಡೆಲ್ಫಿಯದ ಕರಿಯರ ಬಡಾವಣೆಯಲ್ಲಿ ಮೂರು ದಿನ ಗಲಭೆ ನಡೆದಿತ್ತು. ಆಟದ ಮೈದಾನವಿದ್ದುದು ನಗರದ ಅದೇ ಭಾಗದಲ್ಲಿ. ಪತಾಕೆಯ ಬೆನ್ನು ಹತ್ತಿದ ನಗರ ತನ್ನೊಳಗೆ ಏನನ್ನು ಹೊತ್ತಿತ್ತೆಂಬುದನ್ನು ಬೆಳಗಿನ ಪಟ್ಟಿ ಹೇಳುತ್ತಿರಲಿಲ್ಲ.

1965ರ ಜುಲೈಯಲ್ಲಿ ಅದೇ ತಂಡದ ಫ್ರಾಂಕ್ ಥಾಮಸ್ ಎಂಬ ಬಿಳಿಯ ಆಟಗಾರನಿಗೂ ಆಲನ್‌ಗೂ ಜಗಳವಾಗಿ, ಥಾಮಸ್ ದಾಂಡಿನಿಂದ ಅವನ ಭುಜಕ್ಕೆ ಹೊಡೆದ. ತಂಡ ಥಾಮಸನನ್ನು ಕಳುಹಿಸಿಬಿಟ್ಟಿತು. ಆಲನ್ ಬಾಯಿ ಬಿಡಬಾರದೆಂದು ಕಟ್ಟುಮಾಡಿತು. ಒಬ್ಬನ ಕಥೆ ಮಾತ್ರ ಊರಿಗೆ ಕೇಳಿಸಿತು. ಅಲ್ಲಿಂದ ವರ್ಷಗಟ್ಟಲೆ ತನ್ನ ಊರಿನ ಮೈದಾನದಲ್ಲೇ ಧಿಕ್ಕಾರ. ಗ್ಯಾಲರಿಯಿಂದ ತೂರಿಬರುವ ವಸ್ತುಗಳಿಗೆ ಅಂಜಿ ಅವನು ಕ್ಷೇತ್ರರಕ್ಷಣೆಗೆ ನಿಂತಾಗಲೂ ತಲೆಗೆ ಶಿರಸ್ತ್ರಾಣ ಧರಿಸುತ್ತಿದ್ದ. ಪತ್ರಿಕೆಗಳು ಅವನನ್ನು ‘ರಿಚಿ’ ಎಂದೇ ಬರೆದವು. ತನ್ನ ಹೆಸರು ಡಿಕ್ ಎಂದು ಅವನು ಹೇಳುತ್ತಲೇ ಇದ್ದ. 1969ರಲ್ಲಿ ಅವನು ಮೊದಲ ಬೇಸಿನ ಬಳಿಯ ಮಣ್ಣಿನಲ್ಲಿ ಕಾಲಿನಿಂದ ಅಕ್ಷರಗಳನ್ನು ಬರೆಯತೊಡಗಿದ. ಹಾಗೆ ಬರೆದ ಪದಗಳಲ್ಲೊಂದು ‘ಬೂ’. ಜನ ತನ್ನ ಮೇಲೆ ಕೂಗುತ್ತಿದ್ದುದನ್ನೇ ಅವರು ಓದುವಂತೆ ನೆಲದ ಮೇಲೆ ಬರೆದ.

ಆ ಋತು ಮುಗಿದ ಮೇಲೆ ಅವನನ್ನು ಸೇಂಟ್ ಲೂಯಿಸಿಗೆ ಕೊಟ್ಟು, ಬದಲಿಗೆ 1964ರಲ್ಲಿ ಪತಾಕೆ ಗೆದ್ದ ಆ ತಂಡದ ಕರ್ಟ್ ಫ್ಲಡ್‌ನನ್ನು ಪಡೆಯಲು ಫಿಲೀಸ್ ಒಪ್ಪಂದ ಮಾಡಿಕೊಂಡಿತು. ಫ್ಲಡ್ ಬರಲೊಲ್ಲೆನೆಂದ. ಆಟಗಾರನನ್ನು ಕೇಳದೆ ಕೈಬದಲಾಯಿಸುವ ಹಕ್ಕು ತಂಡಗಳಿಗಿಲ್ಲವೆಂದು ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಅದೊಂದು ಪ್ರತ್ಯೇಕ ಲೇಖನದ ವಿಷಯ.

ಆಲನ್ 2020ರ ಡಿಸೆಂಬರಿನಲ್ಲಿ ತೀರಿಕೊಂಡ. ಅದಕ್ಕೆ ಮೂರು ತಿಂಗಳ ಹಿಂದೆ ಫಿಲೀಸ್ ಅವನ 15ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದೆ ಗೌರವಾರ್ಥವಾಗಿ ತೆಗೆದಿರಿಸಿತು. ಕೂಪರ್ಸ್‌ಟೌನಿನ ಕೀರ್ತಿಮಂದಿರಕ್ಕೆ ಅವನ ಹೆಸರು ಸೇರಿದ್ದು 2025ರಲ್ಲಿ.

2007ರ ಸೆಪ್ಟೆಂಬರಿನಲ್ಲಿ ಪಟ್ಟಿ ತಿರುಗಿತು. 17 ಆಟ ಉಳಿದಿರುವಾಗ ಏಳು ಆಟ ಮುಂದಿದ್ದವರು ಮೆಟ್ಸ್. ಬೆನ್ನಟ್ಟಿ ಬಂದವರು ಫಿಲೀಸ್. 30ನೆಯ ತಾರೀಖು, ಕೊನೆಯ ದಿನ, ನ್ಯೂಯಾರ್ಕಿನಲ್ಲಿ ಮೆಟ್ಸ್ ಪರವಾಗಿ ಮುನ್ನೂರಕ್ಕೂ ಹೆಚ್ಚು ಆಟ ಗೆದ್ದ ಹಿರಿಯ ಪಿಚರ್ ಟಾಮ್ ಗ್ಲಾವಿನ್ ಕಣಕ್ಕಿಳಿದ. ಮೊದಲ ಇನ್ನಿಂಗ್ಸಿನಲ್ಲಿ ಒಬ್ಬನನ್ನು ಮಾತ್ರ ಔಟ್ ಮಾಡಿ ಏಳು ಓಟ ಬಿಟ್ಟುಕೊಟ್ಟು ಹೊರನಡೆದ. ಫಿಲಡೆಲ್ಫಿಯದಲ್ಲಿ ಅಂದು ಉತ್ಸವ. ನ್ಯೂಯಾರ್ಕಿನ ಗ್ಯಾಲರಿ ಗ್ಲಾವಿನ್ ಒಳಗೆ ಹೋಗುವವರೆಗೂ ಕೂಗುತ್ತಿತ್ತು.