ಹಾಡು ಬಂತು, ಊರಿನ ಮಾತು ಬರಲಿ!

ಶ್ರೀರಂಗಪಟ್ಟಣದ ಅಂಗಡಿ ಬೀದಿಗೆ ಮೈಸೂರಿನ ಎಫ್‌ಎಂ ಹಾಡು ಚೆನ್ನಾಗಿ ಕೇಳುತ್ತೆ. ಬಸ್ಸು ಪಾಂಡವಪುರ ದಾಟಿ ಕೆ.ಆರ್. ಪೇಟೆ, ನಾಗಮಂಗಲದ ಕಡೆ ಹೋದಷ್ಟೂ ಗೊರಗೊರ ಸದ್ದು. ಎಫ್‌ಎಂ ಅಲೆ ನೇರ ದಾರಿಯದು. ದೂರ ಹೆಚ್ಚಾದರೆ, ಗುಡ್ಡ ಅಡ್ಡ ಬಂದರೆ ಸೊರಗುತ್ತೆ. ಅದು ಯಂತ್ರದ ಮಿತಿ. ಆದರೆ ಚೆನ್ನಾಗಿ ಕೇಳಿಸೋ ಕಡೆಯಾದರೂ ಜನಕ್ಕೆ ಸಿಗೋದೇನು?

ರೇಡಿಯೋ ಈ ಸೀಮೆಗೆ ಹೊಸದಲ್ಲ. 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ 30 ವ್ಯಾಟ್ ಯಂತ್ರದಲ್ಲಿ 'ಆಕಾಶವಾಣಿ' ನಡೆಸಿದರು. ಆ ಹೆಸರೇ ಆಮೇಲೆ ದೇಶಕ್ಕಾಯಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಎದ್ದು ಹೋಯಿತು. ಮೈಸೂರಿಗೆ ಮತ್ತೆ ಕೇಂದ್ರ ಸಿಗಲು 1974 ಬರಬೇಕಾಯಿತು.

ಹಾಡು-ಜಾಹೀರಾತಿನ ಕಥೆ ಬೇರೆ. 1952ರ ಸುಮಾರಿಗೆ ಮಂತ್ರಿ ಕೇಸ್ಕರ್ ಕಾಲದಲ್ಲಿ ಆಕಾಶವಾಣಿ ಸಿನಿಮಾ ಹಾಡಿಗೆ ಮುಖ ತಿರುಗಿಸಿತು. ಕೇಳುಗರು ರೇಡಿಯೋ ಸಿಲೋನ್ ಕಡೆ ಓಡಿದರು. 1957ರಲ್ಲಿ ವಿವಿಧ ಭಾರತಿ ಬಂತು, 1967ರಲ್ಲಿ ಅದಕ್ಕೆ ಜಾಹೀರಾತೂ ಸೇರಿತು. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಶುರುವಾಯ್ತು. ಅದು ದೇಶದ ಮೊದಲ ಖಾಸಗಿ ಎಫ್‌ಎಂ. ಆಗ ಹಿಂದಿ, ಇಂಗ್ಲಿಷ್ ಹಾಡಿನದೇ ಅಬ್ಬರ. ಕನ್ನಡಕ್ಕೆ ಕಾಸು ಹುಟ್ಟೋಲ್ಲ ಅನ್ನೋ ಲೆಕ್ಕ. ಆಮೇಲೆ ಬಂದ ಕೇಂದ್ರಗಳು ಕನ್ನಡ ಹಾಡನ್ನೇ ಬಂಡವಾಳ ಮಾಡಿಕೊಂಡವು. ಲೆಕ್ಕ ತಲೆಕೆಳಗಾಯ್ತು!

2005ರಲ್ಲಿ ಸರ್ಕಾರ ವರ್ಷವರ್ಷ ಏರುವ ಲೈಸೆನ್ಸ್ ಶುಲ್ಕ ಬಿಟ್ಟು ಆದಾಯದ ಶೇ. 4 ಪಾಲು ಸಾಕೆಂದಿತು. ಆ ಮೇಲೆಯೇ ಮೈಸೂರಿಗೂ ಖಾಸಗಿ ಎಫ್‌ಎಂ ಬಂದದ್ದು. ಸ್ವಂತ ಸುದ್ದಿ ಹೇಳುವಂತಿಲ್ಲ, ನಿಜ. ಆದರೆ 2011ರ ನೀತಿಯ ಪ್ರಕಾರ ಸಂಚಾರ, ಹವಾಮಾನ, ವಿದ್ಯುತ್, ನೀರು ಪೂರೈಕೆ, ಪರೀಕ್ಷೆ, ಉದ್ಯೋಗದ ಮಾಹಿತಿ 'ಸುದ್ದಿ' ಅಲ್ಲ. ಧಾರಾಳವಾಗಿ ಹೇಳಬಹುದು.

ಹಾಗಿದ್ದ ಮೇಲೆ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ನದೀ ಪಾತ್ರದವರಿಗೆ ಎಚ್ಚರಿಕೆ, ವೈರಮುಡಿ ಜಾತ್ರೆಯ ದಿನ ಮೇಲುಕೋಟೆ ರಸ್ತೆಯ ಸ್ಥಿತಿ, ಯಾವ ಊರಿಗೆ ಎಷ್ಟು ಹೊತ್ತು ಕರೆಂಟ್ ಇಲ್ಲ ಅನ್ನೋದು, ಇವೆಲ್ಲ ಎರಡು ಹಾಡಿನ ನಡುವೆ ಬರಬೇಕು. ಅರ್ಧ ನಿಮಿಷದ ಕೆಲಸ. ತಾಲ್ಲೂಕಿನ ಸಣ್ಣ ಅಂಗಡಿಗೂ ಕೈಗೆಟುಕುವ ಜಾಹೀರಾತು ದರ ಇಡಲಿ. ಕನ್ನಡ ಹಾಡಿಗೆ ಕಾಸು ಹುಟ್ಟಿದ ಹಾಗೆ ತಾಲ್ಲೂಕಿನ ಮಾತಿಗೂ ಹುಟ್ಟುತ್ತೆ.

ಕೇಳುಗರು ಸುಮ್ಮನಿರಬಾರದು. ಅಂಗಡಿಯವರು, ದಿನಾ ಬಸ್ಸು ಹತ್ತುವವರು ಎಫ್‌ಎಂನವರಿಗೆ ಒಂದು ಫೋನ್ ಮಾಡಲಿ. ಬರೀ ಹಾಡು ಬೇಡೋದಕ್ಕಲ್ಲ, ಊರಿನ ಮಾಹಿತಿ ಕೇಳೋದಕ್ಕೆ.